ತವರಿನ ಸಾಲು

"ಇಲ್ಲಿ ಅಲ್ಲ ಅಂದ್ನಲ್ಲ, ಕೆಳಗೆ ತೋಡ್ರಿ!" ಎನ್ನುತ್ತ ಆರ್ಬಿನ್ ನೆರೆಮನೆಯವನ ಕೈಯಿಂದ ಸಲಿಕೆ ಕಿತ್ತುಕೊಂಡ. ಕೆಂಟಕಿಯ ನಮ್ಮ ಬೆಟ್ಟಗಳಲ್ಲಿ ಈಗಲೂ ಸಮಾಧಿಯ ಗುಂಡಿ ತೋಡುವವರು ನೆಂಟರು, ನೆರೆಯವರೇ. ಕೂಲಿಯವರನ್ನು ಕರೆಯುವುದಿಲ್ಲ. ಆದರೆ ಹೆಂಡತಿ ಸತ್ತವನು ಸಲಿಕೆ ಮುಟ್ಟುವುದಿಲ್ಲ, ದೂರ ಕೂತು ಕಾಫಿ ಕುಡಿಯುತ್ತಾನೆ. ಅದನ್ನು ಅವನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಗುಡ್ಡದ ನೆತ್ತಿಯ ಆ ಸ್ಮಶಾನ ಎರಡು ಮನೆತನಗಳದು. ಕೆಳಗಿನ ಸಾಲು ಆರ್ಬಿನ್ ಕಡೆಯವರದು. ಓಕ್ ಮರದ ಬುಡದಲ್ಲಿರುವ ಮೇಲಿನ ಸಾಲು ಅವನ ಹೆಂಡತಿ ವರ್ನಾಳ ತವರಿನವರದು. ಅಲ್ಲಿ ಮಲಗಿರುವ ಅವಳ ಅಪ್ಪನಿಗೆ ಗಂಟಲಿನ ಕ್ಯಾನ್ಸರ್. ಪಕ್ಕದಲ್ಲಿ ಅಣ್ಣ, ಅವನ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು, ಕೊನೆಯ ವರ್ಷವೆಲ್ಲ ಕೈಸನ್ನೆಯಲ್ಲೇ ಬೈಯುತ್ತಿದ್ದ. ಆಚೆಗೆ ಸೋದರತ್ತೆ, ಶ್ವಾಸಕೋಶ. ಈಗ ವರ್ನಾ, ಅದೂ ಶ್ವಾಸಕೋಶವೇ. ಸಿಗರೇಟನ್ನು ತುಟಿಗೆ ಸೋಕಿಸಿದವಳಲ್ಲ. ಕದ್ದು ಸೇದುತ್ತಿದ್ದಳೇನೋ ಎಂದು ಚರ್ಚಿನ ಹೆಂಗಸರು ಪಿಸುಗುಟ್ಟಿದ್ದುಂಟು. ಆ ಬಾಯಿಗಳಿಗೆ ಬೇರೆ ಕೆಲಸವಿಲ್ಲ.

ವರ್ನಾಳ ತಂಗಿ ಓಪಲ್ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದಳು.

"ಭಾವ, ಇದೇನು ನಿನ್ನ ಹೊಸ ರಗಳೆ? ಅಪ್ಪನ ಪಕ್ಕ ಮಲಗಿಸಿ ಅಂತ ಅಕ್ಕ ಬಾಯಿಬಿಟ್ಟು ಹೇಳಿದ್ಲು. ನೀನೂ ಅಲ್ಲೇ ಕೂತಿದ್ದೆ."

"ಕೂತಿದ್ದೆ. ಆ ಸಾಲಿಗೆ ಅವಳನ್ನ ಕೊಡಲ್ಲ."

"ಕೊಡೋಕೆ ನೀನ್ಯಾರು? ಅವಳನ್ನ ನಿನಗೆ ಕೊಟ್ಟಿದ್ದು ನಾವು!"

"ಅವಳ ಕಾಯಿಲೆ ನಿಮ್ಮ ಮನೆಯಿಂದ ಬಂದಿದ್ದಲ್ಲ ಓಪಲ್. ನನ್ನ ಬಾಯಿಂದ ಬಂದಿದ್ದು. ಮದುವೆ ಆದಾಗಿಂದ ಅವಳ ಮುಖಕ್ಕೆ ಹೊಗೆ ಉಗುಳಿದೀನಿ. ಕೊಂದೋನು ನಾನು. ನಮ್ಮ ಸಾಲಲ್ಲೇ ಇರ್ಲಿ."

ಕಾಫಿಯ ಫ್ಲಾಸ್ಕ್ ಹಿಡಿದು ನಿಂತಿದ್ದ ಅವನ ಮಗಳು ಡೀನಾ ನೆಲ ನೋಡಿದಳು.

* * *

ವರ್ನಾ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಯಾವ ಮಗುವಿಗೆ ಮನೆಯಲ್ಲಿ ರಾತ್ರಿ ಊಟ ಸಿಗುವುದಿಲ್ಲವೋ ಅದರ ತಟ್ಟೆಗೆ ಇನ್ನೊಂದು ಸೌಟು ತಾನಾಗಿ ಬೀಳುತ್ತಿತ್ತು. ದೊಡ್ಡ ಗಂಟಲು ಅವಳದು. ಜಗುಲಿಯಲ್ಲಿ ನಿಂತು ಗಂಡನನ್ನು ಊಟಕ್ಕೆ ಕರೆದರೆ ಕಣಿವೆಯ ಆಚೆ ಬದಿಯ ನಾಯಿಗಳೂ ಎದ್ದು ಹೊರಡುತ್ತಿದ್ದವು. ಸೇದುವುದಿದ್ದರೆ ಹೊರಗೆ ಎಂದು ಅವನನ್ನು ಅಟ್ಟುತ್ತಿದ್ದಳು. ಚಳಿಗಾಲದಲ್ಲಿ ಮಾತ್ರ ಮನಸ್ಸು ತಡೆಯುತ್ತಿರಲಿಲ್ಲ.

"ಬಾ ಒಳಗೆ, ಮಹಾರಾಯ. ಈ ಹಿಮದಲ್ಲಿ ನೀನು ಸತ್ರೆ ಗುಂಡಿ ತೋಡೋರು ನನಗೆ ಶಾಪ ಹಾಕ್ತಾರೆ."

ಅವನು ಒಲೆಯ ಪಕ್ಕ ಕೂತು ಸೇದುತ್ತಿದ್ದ. ಅವಳು ಎದುರಿಗೆ ಕೂತು ಬಟ್ಟೆ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದಳು.

ದೊಡ್ಡಾಸ್ಪತ್ರೆಯ ಡಾಕ್ಟರು ಮನೆತನದ ಕಾಯಿಲೆಗಳ ಬಗ್ಗೆ ಕೇಳಿದಾಗ ಅವಳು ಒಬ್ಬೊಬ್ಬರನ್ನೇ ಹೇಳಿದಳು. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಗಂಟಲು, ಧ್ವನಿಪೆಟ್ಟಿಗೆ, ಶ್ವಾಸಕೋಶ ಎಂದು ಹೆಸರು ಬೇರೆಯಾದರೂ ಉಸಿರಿನ ದಾರಿ ಒಂದೇ. ಕೆಲವು ಮನೆಗಳಲ್ಲಿ ಅದರ ಮೇಲೆ ಒಂದೇ ಬಗೆಯ ಅಪಾಯ ರಕ್ತದಲ್ಲೇ ಇಳಿದುಬರುವುದುಂಟು, ಹೊಗೆ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ ಎಂದರು. ಇವರದರಲ್ಲಿ ಯಾವುದರ ಪಾಲು ಎಷ್ಟು ಎಂದು ಹೇಳಲಾರೆ ಎಂದೂ ಒಪ್ಪಿಕೊಂಡರು. ಆಮೇಲೆ ಡೀನಾಳ ಕಡೆ ತಿರುಗಿ, "ನಿಮ್ಮನ್ನೂ ಆಗಾಗ ಪರೀಕ್ಷೆ ಮಾಡ್ತಾ ಇರ್ಬೇಕು" ಎಂದರು.

ತನ್ನ ಕಾಯಿಲೆಯ ಹೆಸರು ಕೇಳಿದಾಗ ಅಳದ ವರ್ನಾ ಆ ಮಾತಿಗೆ ಅತ್ತಳು.

ಮನೆಗೆ ಬರುವ ದಾರಿಯಲ್ಲಿ ಆರ್ಬಿನ್ ಗಾಡಿ ನಿಲ್ಲಿಸಿ ಸಿಗರೇಟು ಪ್ಯಾಕನ್ನು ಹೊಳೆಗೆ ಎಸೆದ. "ಆ ಡಾಕ್ಟ್ರಿಗೆ ಏನೂ ಗೊತ್ತಿಲ್ಲ. ಇದೆಲ್ಲ ನನ್ನ ಹೊಗೆ. ಬರೀ ನನ್ನ ಹೊಗೆ."

"ನನ್ನದು ಅಂತ ಇದ್ದಿದ್ದು ಇದೊಂದು ಕಾಯಿಲೆ. ಇದನ್ನೂ ಕಿತ್ಕೊಳ್ತೀಯಾ?" ಎಂದು ವರ್ನಾ ನಕ್ಕಳು. ಆಮೇಲೆ ಅವನು ಕನ್ನಡಿಯಲ್ಲಿ ಹಿಂದಿನ ಸೀಟಿನ ಮಗಳನ್ನೇ ನೋಡುತ್ತಿರುವುದು ಅವಳಿಗೆ ಕಂಡಿತು. ಅವಳು ಮತ್ತೆ ಆ ಮಾತೆತ್ತಲಿಲ್ಲ. ಬದುಕಿದ್ದಷ್ಟು ದಿನವೂ ಅವನು ತನ್ನ ಹೊಗೆಯೇ ಎಂದಾಗಲೆಲ್ಲ ಹೌದೆಂದಳು.

* * *

ಆರ್ಬಿನ್ ಕೆಳಗಿನ ಸಾಲಿನಲ್ಲಿ ಒಬ್ಬನೇ ತೋಡುತ್ತಿದ್ದ. ಮೊಣಕಾಲುದ್ದ ಇಳಿದಿದ್ದ. ಡೀನಾ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಅಪ್ಪ, ಸಾಕು. ಅಮ್ಮನ್ನ ಅವಳಪ್ಪನ ಪಕ್ಕ ಮಲಗಿಸು."

"ಅಲ್ಲಿ ಮಲಗಿಸಿದ್ರೆ ಎಲ್ರೂ ಸಾಲು ಎಣಿಸ್ತಾರೆ, ಪುಟ್ಟಿ. ಎಣಿಸಿ ನಿನ್ನನ್ನ ನೋಡ್ತಾರೆ."

"ನೋಡ್ಲಿ."

"ನಾನು ಕೊಂದೆ ಅಂದ್ರೆ ಅದು ಇಲ್ಲಿಗೇ ಮುಗೀತು. ಅಷ್ಟು ಮಾಡೋಕೆ ಬಿಡು ನನ್ನ."

"ಮುಗಿಯಲ್ಲಪ್ಪ. ನೀನು ಎಲ್ಲಾ ನಿನ್ನ ತಲೆ ಮೇಲೆ ಹಾಕ್ಕೊಂಡು ಕೂತ್ರೆ, ನನಗೆ ಹೆದರಿಕೆ ಆಗ್ತಿದೆ ಅಂತ ಯಾರಿಗೆ ಹೇಳ್ಲಿ? ಅಮ್ಮನೂ ಇಲ್ಲ."

ಆರ್ಬಿನ್ ಸಲಿಕೆಗೆ ಒರಗಿ ನಿಂತ. ಅವನ ಮುಖ ನೋಡಲಾಗದೆ ಗಂಡಸರು ಟೋಪಿ ತೆಗೆದು ಅತ್ತ ತಿರುಗಿದರು. ಕೊನೆಗೆ ಅವನು ಸಲಿಕೆಯನ್ನು ನೆರೆಯವನಿಗೆ ಕೊಟ್ಟು, "ಮೇಲೆ ತೋಡ್ರಪ್ಪ" ಎಂದ.

* * *

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹುರುಳಿಕಾಯಿ, ಹಂದಿಮಾಂಸ, ಮೆಕ್ಕೆಜೋಳದ ರೊಟ್ಟಿ. ಪಿಸುಗುಟ್ಟಿದ ಹೆಂಗಸರೇ ಬೆಳಗಿನಿಂದ ನಿಂತು ಮಾಡಿದ್ದರು. ವರ್ನಾ ಇದ್ದಿದ್ದರೆ ಉಪ್ಪು ಕಮ್ಮಿ ಎನ್ನುತ್ತಿದ್ದಳು ಎಂದು ಓಪಲ್ ಹೇಳಿದಾಗ ಎಲ್ಲರೂ ನಕ್ಕರು. ಆ ದಿನ ನಕ್ಕಿದ್ದು ಅದೇ ಮೊದಲು.

ಆಗ ಡೀನಾಳಿಗೆ ಕೆಮ್ಮು ಬಂತು.

ರೊಟ್ಟಿಯ ಪುಡಿ ಸಿಕ್ಕಿಕೊಂಡಿತೋ, ಗುಡ್ಡದ ಚಳಿಯೋ. ಒಂದು ಸಲ ಕೆಮ್ಮಿದಳು. ಉದ್ದನೆಯ ಮೇಜಿನ ಆ ತುದಿಯವರೆಗೂ ಚಮಚಗಳು ನಿಂತವು. ಎಲ್ಲರ ಕಣ್ಣೂ ತನ್ನ ಮೇಲಿದ್ದುದನ್ನು ಕಂಡು ಅವಳು ತುಟಿ ಬಿಗಿಹಿಡಿದು ಮುಂದಿನ ಕೆಮ್ಮನ್ನು ನುಂಗಿದಳು. ಅದರ ಮುಂದಿನದನ್ನೂ ನುಂಗಿದಳು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು.

ಆರ್ಬಿನ್ ಎದ್ದು ಮೇಜು ಸುತ್ತಿ ಬಂದು ಅವಳ ಪಕ್ಕ ಮಂಡಿಯೂರಿದ.

"ಕೆಮ್ಮು ಪುಟ್ಟಿ," ಎಂದ. "ಕೆಮ್ಮಿಬಿಡು. ನಾನಿದೀನಿ."

ಅವಳು ಅವನ ಕೋಟಿನ ಹೆಗಲಿಗೆ ಬಾಯಿ ಒತ್ತಿಕೊಂಡು ಮೈಯೆಲ್ಲ ಅದುರುವಂತೆ ಕೆಮ್ಮಿದಳು. ಅವನು ಅಂಗೈಯನ್ನು ಅವಳ ಬೆನ್ನಿನ ಮೇಲಿಟ್ಟು, ಕಣ್ಣು ಮುಚ್ಚಿ, ಒಳಗಿನ ಸದ್ದಿಗೆ ಕಿವಿಗೊಟ್ಟು ಕೂತ.