ಮಣ್ಣಿಗೆ ಬಡಿದ ಕೈ

ನಂದೀಶ ಪ್ರತಿ ಭಾನುವಾರ ಸುಗಟೂರಿನ ಬಸ್ಸಿಳಿದು ನೇರ ನಮ್ಮ ಮನೆಗೆ ಬರುತ್ತಿದ್ದ. ಚೀಲದಲ್ಲಿ ನಾಟಿಕೋಳಿ ಮೊಟ್ಟೆ. ಐದು ತಿಂಗಳ ಹಿಂದೆ ಕೋಲಾರದ ಗರಡಿಯಲ್ಲಿ ನನ್ನ ಬಲಭುಜ ಕಳಚಿದ್ದು ಅವನ ಕೈಯಲ್ಲೇ.

"ಹೆಂಗಿದೆಯೋ ಗಂಗ?" ಎನ್ನುತ್ತ ಹೆಬ್ಬೆರಳಿನಿಂದ ಭುಜದ ಸುತ್ತ ಒತ್ತುತ್ತಿದ್ದ. "ಇಲ್ಲಿ ನೋವಾ? ಇಲ್ಲಿ?"

"ಇಲ್ಲ" ಅನ್ನುತ್ತಿದ್ದೆ. ನೋವಿರುವ ಜಾಗ ಅವನಿಗೆ ಗೊತ್ತಾಗುವುದು ನನಗೆ ಬೇಕಿರಲಿಲ್ಲ.

"ಅವಸರ ಮಾಡ್ಬೇಡ ಕಣೋ. ಇನ್ನೂ ಎರಡು ತಿಂಗಳು ಬಿಟ್ಟು ಬಾ."

ಅಷ್ಟರಲ್ಲಿ ಜಿಲ್ಲೆಯ ಆಯ್ಕೆ ಕುಸ್ತಿ ಮುಗಿದಿರುತ್ತದೆ. ನಮ್ಮ ತೂಕದಲ್ಲಿ ಆರಿಸುವುದು ಒಬ್ಬನನ್ನೇ. ಗರಡಿಯಲ್ಲಿ ಆ ತೂಕದವರು ನಾವಿಬ್ಬರೇ.

ಅವನು ಹೋದ ಮೇಲೆ ಅಮ್ಮ ಹೇಳುತ್ತಿದ್ದಳು, "ಪಾಪ, ನಿನ್ನ ಪಾಳಿ ಮಣ್ಣೂ ಅವನೇ ಅಗೀತಾನಂತೆ."

ಅದು ನಮ್ಮ ಗರಡಿಯ ಕಟ್ಟಳೆ. ಯಾರ ಕೈಯಲ್ಲಿ ಪೆಟ್ಟಾಯಿತೋ ಅವನು, ಪೆಟ್ಟಾದವನು ಮರಳುವವರೆಗೆ, ಇಬ್ಬರ ಪಾಳಿಯಲ್ಲೂ ಅಖಾಡ ಅಗೆಯಬೇಕು. ಐದು ತಿಂಗಳು ಎರಡು ಪಾಳಿ ಗುದ್ದಲಿ ಹಿಡಿದವನ ತೋಳು ಎಷ್ಟು ಗಟ್ಟಿಯಾಗಿರುತ್ತದೆ ಎಂಬುದು ಅಮ್ಮನಿಗೆ ಹೊಳೆಯುತ್ತಿರಲಿಲ್ಲ.

ಭುಜ ಕಳಚಿದ ದಿನ ನಾನು ಬೋರಲು ಬಿದ್ದಿದ್ದೆ. ಅವನು ನನ್ನ ತೋಳನ್ನು ಬೆನ್ನ ಹಿಂದೆ ತಿರುಚಿ ಮೇಲಕ್ಕೆತ್ತಿದ. ಅಂಗೈಯಿಂದ ಎರಡು ಸಲ ನೆಲ ಬಡಿದರೆ ಹಿಡಿದವನು ಬಿಡಬೇಕು. ಗರಡಿಯಲ್ಲಿ ಮೊದಲ ದಿನ ಕಲಿಸುವುದೇ ಅದನ್ನು. ನಾನು ಎಡಗೈಯಿಂದ ಬಡಿದೆ. ಅವನು ಬಿಡಲಿಲ್ಲ.

"ನೀನು ಬಡೀಲೇ ಇಲ್ವಲ್ಲೋ" ಎಂದು ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಒಂದೇ ಒಂದು ಸಲ ಅಂದ. ಆಮೇಲೆ ಆ ಮಾತು ಅವನೂ ತೆಗೆಯಲಿಲ್ಲ, ನಾನೂ ಕೇಳಲಿಲ್ಲ. ಪ್ರತಿ ಭಾನುವಾರ ಅದು ನಮ್ಮಿಬ್ಬರ ನಡುವೆ ಕೂತು ಕಾಫಿ ಕುಡಿದು ಹೋಗುತ್ತಿತ್ತು.

ಭುಜಕ್ಕೆ ವ್ಯಾಯಾಮ ಮಾಡಿಸುತ್ತಿದ್ದ ಮೇಡಂ ಕೊನೆಗೆ ಹೇಳಿದರು: "ಶುರು ಮಾಡಿ. ಆದ್ರೆ ನಂಬಿಕೆ ಇರೋರ ಜೊತೆ ಮಾತ್ರ. ಇನ್ನೊಂದ್ಸಲ ಕಳಚಿದ್ರೆ ಆಪರೇಷನ್ನೇ."

ಸೋಮವಾರ ನರಸಾಪುರದಲ್ಲಿ ಮೊದಲ ಶಿಫ್ಟ್ ಮುಗಿಸಿ, ಕಂಪನಿ ಬಸ್ಸಿಳಿದು, ಯಾರಿಗೂ ಹೇಳದೆ ಗರಡಿಗೆ ಹೋದೆ. ನಂದೀಶ ಗುದ್ದಲಿ ಹಿಡಿದು ನಿಂತಿದ್ದ. ನನ್ನನ್ನು ಕಂಡು ಅವನ ಮುಖ ಬಿಳಿಚಿತು.

"ಏನ್ಲಾ, ಹೇಳ್ದೇ ಬಂದ್ಬಿಟ್ಟೆ?"

"ಹೇಳ್ಬೇಕಿತ್ತಾ?"

ಉಸ್ತಾದ್ ಶ್ರೀರಾಮಪ್ಪನವರು ಜಗುಲಿಯಿಂದಲೇ ಕೂಗಿದರು, "ಬಂದೋನು ಗುದ್ದಲಿ ತಗೋ. ಇವತ್ತು ನಿನ್ನ ಪಾಳಿ. ಮೆಲ್ಲಗೆ ಅಗಿ."

ಮೆಲ್ಲಗೇ ಅಗೆದೆ. ಹೆಂಟೆ ಒಡೆದು, ನೀರು ಚಿಮುಕಿಸಿ, ಕೆಮ್ಮಣ್ಣನ್ನು ಹಿಟ್ಟಿನಂತೆ ಮಾಡಿದೆ. ಬೇರೆಯವರು ಇನ್ನೂ ಬಂದಿರಲಿಲ್ಲ. ನಾನೇ ಬೋರಲು ಮಲಗಿ ತೋಳು ಹಿಂದಕ್ಕೆ ಕೊಟ್ಟೆ.

"ಅದೇ ಪಟ್ಟು ಹಾಕು."

"ಬ್ಯಾಡ್ವೋ ಗಂಗ."

"ಹಾಕು."

ಹಾಕಿದ. ಅವನ ಕೆನ್ನೆ ನನ್ನ ಬೆನ್ನಿಗೆ ಒತ್ತಿತ್ತು. ನನ್ನ ಎಡಗೈ ಅವನಿಗೆ ಕಾಣುವಂತಿರಲಿಲ್ಲ. ತೋಳು ಮೇಲೇರಿತು. ಇವತ್ತು ಬಿಡುತ್ತಾನೋ ಇಲ್ಲವೋ ನೋಡಿಯೇಬಿಡೋಣ ಎಂದುಕೊಂಡು ಎರಡು ಸಲ ಬಡಿದೆ. ನಾನೇ ಅಗೆದ ಮಣ್ಣಿನಲ್ಲಿ ಅಂಗೈ ಮಣಿಕಟ್ಟಿನವರೆಗೆ ಹೂತುಹೋಯಿತು. ಸದ್ದೇ ಬರಲಿಲ್ಲ.

ಅವತ್ತೂ ನನ್ನದೇ ಪಾಳಿ. ಅವತ್ತೂ ಮೊದಲು ಇಳಿದವರು ನಾವೇ. ಯಾರ ಕಾಲೂ ತುಳಿದಿರದ ಮಣ್ಣು.

ಭುಜ ಉರಿಯತೊಡಗಿತು. ನಾನು ಕೂಗುವವನಲ್ಲ, ಅವತ್ತು ಕೂಡ ಹಲ್ಲು ಕಚ್ಚಿಕೊಂಡೇ ಇದ್ದೆ.

"ಬಿಡೋ ನಂದಿ!" ಈ ಸಲ ಕೂಗಿದೆ.

ತಕ್ಷಣ ಬಿಟ್ಟು ದೂರ ಸರಿದ.

"ಬಡಿದಿದ್ದೆ" ಅಂದೆ. "ಅವತ್ತೂ, ಈಗಲೂ."

ಮಣ್ಣಿನಲ್ಲಿ ಮೂಡಿದ್ದ ನನ್ನ ಅಂಗೈಯ ಗುರುತನ್ನು ಅವನು ಬಗ್ಗಿ ನೋಡಿದ. ಪಕ್ಕದಲ್ಲಿ ತಾನೂ ಬಡಿದು ನೋಡಿದ. ಇನ್ನೊಮ್ಮೆ ಬಡಿದ. ಸದ್ದಿಲ್ಲ.

"ಲೇ, ಬಾಯಿ ಏನಕ್ಕಿದೆಯೋ ನಿನಗೆ? ಮುದ್ದೆ ನುಂಗಕ್ಕಾ?" ಎಂದು ಉಸ್ತಾದರು ಜಗುಲಿಯಿಂದ ನನ್ನನ್ನು ಬೈದರು.

ನಾನು ನಂದೀಶನನ್ನು ಕೇಳಿದೆ, "ಎರಡು ತಿಂಗಳು ಬಿಟ್ಟು ಬಾ ಅಂದಿದ್ದು ಯಾಕೆ?"

"ಒಂದು ಕಡೆ ಒತ್ತಿದ್ರೆ ನೀನು ಉಸಿರು ಹಿಡೀತಿದ್ದೆ. ಕೇಳಿದ್ರೆ ನೋವಿಲ್ಲ ಅಂತಿದ್ದೆ. ಆಯ್ಕೆಗೋಸ್ಕರ ಸುಳ್ಳು ಹೇಳ್ತಿದ್ದೀಯ ಅನ್ಕೊಂಡೆ. ಮತ್ತೆ ನನ್ನ ಕೈಯಲ್ಲೇ ಕಳಚಿದ್ರೆ?"

ಐದು ತಿಂಗಳು ನಾನೊಬ್ಬನೇ ಅನುಮಾನ ಪಟ್ಟಿದ್ದೆನೆಂದುಕೊಂಡಿದ್ದೆ.

ಅವನ ಹೆಬ್ಬೆರಳು ಹಿಡಿದು ಭುಜದ ಹಿಂದೆ, ಎಲುಬಿನ ಕೆಳಗೆ ಇಟ್ಟುಕೊಂಡೆ. "ಇಲ್ಲಿ" ಅಂದೆ. "ಇಲ್ಲಿ ಇನ್ನೂ ನೋವಿದೆ."

ಇನ್ನು ಐದು ವಾರಕ್ಕೆ ಆಯ್ಕೆಯಲ್ಲಿ ನನ್ನೆದುರು ನಿಲ್ಲುವವನು ಅವನೇ. ಅವನು ಒತ್ತಲಿಲ್ಲ.