ಸುಟ್ಟ ಸಸಿಗಳ ಹೊಣೆ

ಗಂಡನ ಮನೆ ಬಿಟ್ಟ ದಿನ ತಂಗಿ ನೇರವಾಗಿ ಬಂದಿದ್ದು ಅಕ್ಕನ ನರ್ಸರಿಗೆ. ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ನಿಂತವಳನ್ನು ಅಕ್ಕ ಯಾಕೆ, ಏನು ಎಂದು ಕೇಳಲಿಲ್ಲ. "ಕೈಕಾಲು ತೊಳ್ಕೊಂಡು ಬಾ, ಊಟ ಮಾಡುವಂತೆ" ಎಂದಳು, ಅಷ್ಟೇ. ಆ ಒಂದು ಮಾತಿಗೆ ತಂಗಿ ತನ್ನನ್ನೇ ಬರೆದುಕೊಟ್ಟ ಹಾಗಾಯಿತು.

ನೆರಳುಪರದೆಯ ಕೆಳಗೆ ಉದ್ದುದ್ದ ಮೇಜುಗಳು, ಮೇಜಿನ ತುಂಬ ಗುಳಿಗುಳಿಯಾದ ಕಪ್ಪು ಟ್ರೇಗಳು. ಗುಳಿಯೊಳಗೆ ಹಿಡಿ ಮಣ್ಣೂ ಇಲ್ಲ, ಬರೀ ತೆಂಗಿನ ನಾರಿನ ಪುಡಿ. "ಮಣ್ಣಿಲ್ಲದೆ ಅದೇನು ಬೆಳೆಯುತ್ತೋ!" ಎಂದು ಮೊದಮೊದಲು ನಗುತ್ತಿದ್ದವಳಿಗೆ ಬರಬರುತ್ತ ಆ ಕೆಲಸದ ಹುಚ್ಚೇ ಹಿಡಿಯಿತು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಹೋಗಿ ಯಾವ ಗುಳಿಯಲ್ಲಿ ಮೊಳಕೆ ತಲೆ ಎತ್ತಿದೆ ಎಂದು ಬಗ್ಗಿ ನೋಡುತ್ತಿದ್ದಳು. ಭಾವ ತಮಾಷೆ ಮಾಡುತ್ತಿದ್ದ: "ಹೆಸರಿಟ್ಟು ಕರೆಯೋದೊಂದು ಬಾಕಿ ಇದೆ ನೋಡು."

ಅವರ ದೊಡ್ಡ ಗಿರಾಕಿ ಟೋಪಿಯವರು. ಊಟಕ್ಕೆ ಕೂತರೂ ತಲೆಯ ಮೇಲಿನ ಟೋಪಿ ತೆಗೆಯದ ಆಸಾಮಿ. ಟೋಪಿ ಹಾಕಿಕೊಳ್ಳುವವರೇ ಹೊರತು ಯಾರಿಗೂ ಹಾಕಿದವರಲ್ಲ ಎಂದು ಎಲ್ಲರೂ ಅನ್ನುತ್ತಿದ್ದರು. ಆ ಸಲ ಅವರು ತಮ್ಮ ಇಡೀ ತೋಟಕ್ಕಾಗುವಷ್ಟು ದೊಣ್ಣೆ ಮೆಣಸಿನಕಾಯಿ ಸಸಿ ಕೇಳಿದ್ದರು. ಅದೇ ಹೊತ್ತಿಗೆ ಪಂಪು ಕೆಟ್ಟು ಕೂತಿತು. ಹೊಸದಾಗಿ ಬಂದ ನಾರಿನ ಪುಡಿಯಲ್ಲಿ ಉಪ್ಪಿರುತ್ತದೆ. ಅದನ್ನು ತೊಟ್ಟಿಯಲ್ಲಿ ನೆನೆಸಿ, ಬಸಿದು, ಮತ್ತೆ ನೆನೆಸಿ ಉಪ್ಪು ಬಿಡಿಸದಿದ್ದರೆ ಎಳೆ ಬೇರು ಸುಟ್ಟುಹೋಗುತ್ತದೆ. ಅಷ್ಟು ನೀರು ಎಲ್ಲಿಂದ ತರುವುದು?

"ಈ ಸಲ ಹಾಗೇ ತುಂಬಿಸೋಣ" ಎಂದಳು ಅಕ್ಕ. "ಪಂಪು ಸರಿಯಾದ್ಮೇಲೆ ಮೇಲಿಂದ ನೀರು ಹೊಡೆದ್ರೆ ಉಪ್ಪು ತಾನಾಗೇ ಇಳ್ಕೊಂಡು ಹೋಗುತ್ತೆ."

"ಬೇಡ ಅಕ್ಕಾ. ತಡ ಆದ್ರೆ ಆಗ್ಲಿ, ಅವರಿಗೆ ಹೇಳಿದ್ರೆ ಆಯ್ತು."

"ಸುಮ್ನಿರೇ. ಇಷ್ಟು ವರ್ಷ ನಾನಿಲ್ಲಿ ಕತ್ತೆ ಕಾಯ್ತಿದ್ನಾ?"

ಸಸಿ ಹುಟ್ಟಿದವು, ಎರಡೆಲೆ ಬಿಟ್ಟವು, ಅಲ್ಲಿಗೇ ನಿಂತವು. ಎಲೆಯ ಅಂಚು ಕಂದಿ ಮುರುಟಿತು. ಮೇಜಿನಿಂದ ಮೇಜಿಗೆ ಅದೇ ಕಥೆ. ಟೋಪಿಯವರು ನೋಡಲು ಬರುತ್ತಿದ್ದಾರೆಂಬ ಸುದ್ದಿ ಬಂದಾಗ ಅಕ್ಕ ಅಡುಗೆಮನೆಯ ನೆಲದ ಮೇಲೆ ಕುಸಿದಳು.

"ನೀನು ಮಾಡಿದ್ದು ಅಂತ ಹೇಳ್ಬಿಡೇ" ಎಂದು ತಂಗಿಯ ಕೈ ಹಿಡಿದಳು. "ಕೆಲಸ ಕಲೀತಿರೋಳು, ತಪ್ಪಾಯ್ತು ಅಂದ್ರೆ ಕ್ಷಮಿಸ್ತಾರೆ. ನಾನೇ ಅಂದ್ರೆ ಈ ನರ್ಸರಿ ಕಡೆ ಯಾರೂ ತಲೆ ಹಾಕಲ್ಲ. ಜನ ನಾಲ್ಕು ದಿನ ಅಂದು ಮರೀತಾರೆ. ನಾನು ಮಾತ್ರ ಸಾಯೋವರೆಗೂ ಮರೆಯಲ್ಲ."

ಅಲ್ಲೇ ಕೂತು ಪೇಪರು ಓದುತ್ತಿದ್ದ ಭಾವ ತಲೆ ಎತ್ತಲಿಲ್ಲ. ತಂಗಿ ಆಗಲಿ ಎಂದಳು.

ಟೋಪಿಯವರು ಕೂಗಾಡಲಿಲ್ಲ. ಒಂದು ಸಸಿ ಕಿತ್ತು, ಕಂದಿದ ಬೇರನ್ನು ಅವಳ ಮುಖದೆದುರು ಹಿಡಿದರು. "ನನ್ನ ಒಂದು ಬೆಳೆ ಹೋಯ್ತಲ್ಲಮ್ಮಾ. ನಿನಗೆ ಇದು ಆಟ." ಅವಳು ತಲೆ ತಗ್ಗಿಸಿ ನಿಂತಳು. ಪಕ್ಕದಲ್ಲಿ ಅಕ್ಕ, "ಎಷ್ಟು ಸಲ ಹೇಳಿದ್ದೆ ಇವಳಿಗೆ" ಎಂದು ದನಿಗೂಡಿಸಿದಳು. ಇನ್ನುಮುಂದೆ ತಮ್ಮ ಟ್ರೇಗಳನ್ನು ಈ ಹುಡುಗಿ ಮುಟ್ಟಕೂಡದೆಂಬ ಷರತ್ತು ಹಾಕಿ ಟೋಪಿಯವರು ಹೋದರು. ಅವರು ಗೇಟು ದಾಟಿದ್ದೇ ಅಕ್ಕ ತಂಗಿಯನ್ನು ತಬ್ಬಿಕೊಂಡು ಅತ್ತಳು.

ಆಮೇಲೆ ಬಂದುಹೋಗುವವರಿಗೆಲ್ಲ ಅಕ್ಕ ಅದನ್ನೇ ಹೇಳತೊಡಗಿದಳು: "ಪಾಪ, ಗೊತ್ತಾಗದೆ ಮಾಡಿದ್ಲು. ಒಡಹುಟ್ಟಿದೋಳು, ಹೊರಗೆ ಹಾಕೋಕಾಗುತ್ತಾ?" ಹೇಳುತ್ತ ಹೇಳುತ್ತ ಕಥೆಗೆ ಕೈಕಾಲು ಬಂದವು. ತಂಗಿ ಫೋನು ಹಿಡಿದು ಕೂತಿದ್ದಳಂತೆ. ಅಕ್ಕ ಬೇಡವೆಂದರೂ ಕೇಳಲಿಲ್ಲವಂತೆ. ಬೀಜ ಹಾಕುವ ಕೆಲಸ ಬೇರೆಯವರ ಪಾಲಾಯಿತು. ತಂಗಿಯ ಪಾಲಿಗೆ ಖಾಲಿ ಟ್ರೇ ತೊಳೆಯುವುದು ಉಳಿಯಿತು. ಜನರೆದುರಿನ ನಾಟಕ ತಾನೇ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಒಂದು ಮಧ್ಯಾಹ್ನ ಪರದೆಯ ಕೆಳಗೆ ಇಬ್ಬರೇ ಇದ್ದರು. ತಂಗಿ ಬಾಡುತ್ತಿದ್ದ ಟೊಮೇಟೊ ಸಸಿಗಳಿಗೆ ನೀರು ಹಾಕಲು ಹೋದಳು. ಅಕ್ಕ ಓಡಿಬಂದು ಪೈಪು ಕಸಿದುಕೊಂಡಳು.

"ಹೋದ ಸಲ ಸುಟ್ಟಿದ್ದು ಸಾಲ್ದಾ ನಿನಗೆ?"

ತಂಗಿ ಸುತ್ತ ನೋಡಿದಳು. "ಅಕ್ಕಾ, ಇಲ್ಲಿ ಯಾರೂ ಇಲ್ಲ."

"ಯಾರೂ ಇಲ್ಲ ಅಂದ್ರೆ?"

ಅಕ್ಕನ ಮುಖದಲ್ಲಿ ನಿಜವಾದ ಸಿಟ್ಟಿತ್ತು. ನಾಟಕದ ಸುಳಿವೇ ಇರಲಿಲ್ಲ.

ಸಂಜೆ ಅವಳು ಭಾವನನ್ನು ಕೇಳಿದಳು: "ನಿಮಗಾದ್ರೂ ನೆನಪಿದೆಯಲ್ಲಾ ಭಾವಾ?"

"ಹಳೇದನ್ನೆಲ್ಲ ಈಗ ಯಾಕೆ ಕೆದಕ್ತೀಯಾ?" ಎಂದು ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ.

ಮರುದಿನ ಅವಳು ಟೋಪಿಯವರ ತೋಟದವರೆಗೆ ನಡೆದುಹೋಗಿ, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅವರು ಕೊನೆಯವರೆಗೂ ಕೇಳಿ, ಬೇಸರದಿಂದ ತಲೆಯಾಡಿಸಿದರು.

"ನೀನು ಒಂದಲ್ಲ ಒಂದು ದಿನ ಹೀಗೆ ಹೇಳ್ಕೊಂಡು ಬರ್ತೀಯ ಅಂತ, ನಾನು ಸಸಿ ನೋಡೋಕೆ ಬಂದಿದ್ದ ಅವತ್ತೇ ನಿಮ್ಮಕ್ಕ ಹೇಳಿದ್ರು. ಅನ್ನ ಹಾಕಿದ ಕೈಯಮ್ಮಾ ಅದು."

ಅವತ್ತೇ! ದಾರಿಯುದ್ದಕ್ಕೂ ಅವಳ ಕಿವಿಯಲ್ಲಿ ಅದೊಂದೇ ಮಾತು. ಹಾಗಾದರೆ ತಬ್ಬಿಕೊಂಡು ಅತ್ತಿದ್ದು ಅದಕ್ಕೆ ಮುಂಚೆಯೋ, ಆಮೇಲೆಯೋ? ತಿಳಿದು ಆಗಬೇಕಾದ್ದೂ ಏನಿರಲಿಲ್ಲ.

ಅವಳು ಪೆಟ್ಟಿಗೆ ತುಂಬಿಕೊಳ್ಳುವಾಗ ಅಕ್ಕ ತಡೆಯಲಿಲ್ಲ. "ನಿನಗೆ ಎಲ್ಲೂ ಹೊಂದಲ್ಲ ಬಿಡು, ಗಂಡನ ಮನೇಲೂ ಹೀಗೇ ಆಯ್ತು" ಎಂದಳು. ತಂಗಿ ಪೆಟ್ಟಿಗೆ ಎತ್ತಿಕೊಂಡು ಹೊರಟಳು.

ಬಸ್ಸಿನಲ್ಲಿ ಬಹುದೂರ ಹೋದ ಮೇಲೆ ಇನ್ನೊಂದು ನರ್ಸರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅಲ್ಲಿನ ಮೇಲ್ವಿಚಾರಕಿ ಕೇಳಿದಳು: "ಮುಂಚೆ ಈ ಕೆಲಸ ಮಾಡಿ ಗೊತ್ತಾ?"

ಗೊತ್ತು ಎಂದರೆ ಎಲ್ಲಿ ಎಂದು ಕೇಳುತ್ತಾರೆ. ಎಲ್ಲಿ ಎಂದರೆ ಅಲ್ಲಿಗೆ ಫೋನು ಮಾಡುತ್ತಾರೆ.

"ಇಲ್ಲ" ಎಂದಳು.

"ಹಾಗಾದ್ರೆ ಹತ್ತಿರ ಬಾ, ಸರಿಯಾಗಿ ನೋಡ್ಕೋ. ಒಂದು ಗುಳಿಗೆ ಒಂದೇ ಬೀಜ. ತೀರಾ ಒಳಗೆ ಒತ್ತಬಾರ್ದು." ಮೇಲ್ವಿಚಾರಕಿ ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ, ಎರಡೆರಡು ಸಲ ತೋರಿಸಿದಳು. ತಂಗಿ ಹೂಂಗುಟ್ಟುತ್ತ ನೋಡಿದಳು. ತನ್ನ ಸರದಿ ಬಂದಾಗ ಬೇಕೆಂದೇ ಎರಡು ಬೀಜ ಬೀಳಿಸಿ, ಬೈಸಿಕೊಂಡಳು.