ಕಾರಿನ ಫ್ಯೂಸು ಕಟ್ಟೋದಲ್ಲ

ನಮ್ಮನೆಯವರನ್ನ ಬೀದೀಲಿ ಎಲ್ಲರೂ ಕರೆಂಟಣ್ಣ ಅಂತಾರೆ. ಮೂವತ್ತು ವರ್ಷ ಮನೆಮನೆಗೆ ವೈರಿಂಗ್ ಮಾಡಿದ ಕೈ ಅದು. ಯಾರ ಮನೇಲಿ ಲೈಟ್ ಹೋದ್ರೂ, "ಕರೆಂಟಣ್ಣ, ಸ್ವಲ್ಪ ಫ್ಯೂಸ್ ಕಟ್ಟಿಕೊಡಿ" ಅಂತ ಬಾಗಿಲು ತಟ್ಟೋರು. ಆ ಹೆಮ್ಮೆ ಇರಲಿ, ನಾನೇನೂ ಬೇಡ ಅನ್ನಲ್ಲ. ಆದ್ರೆ ಆ 'ಕಟ್ಟೋದು' ಅನ್ನೋ ಒಂದೇ ಒಂದು ಮಾತು ನಮ್ಮನೆಗೆ ಎಂಥ ಗಂಡಾಂತರ ತಂದಿತ್ತು ಅಂತ ಹೇಳ್ತೀನಿ ಕೇಳಿ.

ನಮ್ಮತ್ತೆಗೆ ಸೊಂಟದ ಆಪರೇಷನ್ ಆಗಿದೆ. ವಾರಕ್ಕೆ ಮೂರು ಸಲ ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋಗಬೇಕು. ನಮ್ಮದೊಂದು ಹಳೇ ಕಾರಿದೆ. ಹಿಂದಿನ ಸೀಟಲ್ಲಿ ದಿಂಬು ಹಾಕಿ ಅತ್ತೇನ ಕೂರಿಸ್ತೀವಿ. ಮುಂದೆ ಇವರ ಪಕ್ಕ ನಾನು, ಮಡಿಲಲ್ಲಿ ಯಾರದೋ ಬಟ್ಟೆ. ನಾನು ಹೊಲಿಗೆ ಕೆಲಸದೋಳು, ದಾರೀಲೂ ಕೈ ಸುಮ್ನಿರಲ್ಲ.

ಒಂದಿನ ಕಾರಲ್ಲಿ ಮೊಬೈಲಿಗೆ ಚಾರ್ಜರ್ ಚುಚ್ಚಿದೆ. ಉಸಿರೇ ಇಲ್ಲ.

"ಫ್ಯೂಸ್ ಹೋಗಿದೆ, ಅಷ್ಟೇ" ಅಂದ್ರು ಇವರು. ಮನೆಗೆ ಬಂದು ಸ್ಟೇರಿಂಗ್ ಕೆಳಗಿನ ಮುಚ್ಚಳ ತೆಗೆದ್ರು. ಫ್ಯೂಸು ಅಂದ್ರೆ ಉಗುರಿನಷ್ಟು ನೀಲಿ ಪ್ಲಾಸ್ಟಿಕ್ಕು, ಅದಕ್ಕೆರಡು ಕಾಲು. ಒಳಗಿನ ಸಣ್ಣ ತಂತಿ ತುಂಡಾಗಿತ್ತು. ಇವರ ಚೀಲದಲ್ಲಿ ತಾಮ್ರದ ತಂತಿಗೇನು ಬರವೇ? ಒಂದೆಳೆ ಎಳೆದು ಎರಡೂ ಕಾಲಿಗೆ ಸುತ್ತಿ ಕಟ್ಟಿ, ತಿರುಗಿ ಕೂರಿಸಿಬಿಟ್ರು.

"ರೀ, ಕಾರಿಗೂ ಹಿಂಗೇ ಕಟ್ಟೋದಾ? ನನ್ನ ತಂಗೀನ ಒಂದ್ಮಾತು ಕೇಳಿ" ಅಂದೆ. ನನ್ನ ತಂಗಿ ಗ್ಯಾರೇಜಲ್ಲಿ ಗಾಡಿಗಳ ವೈರಿಂಗ್ ನೋಡ್ತಾಳೆ. ಅಲ್ಲಿ ಅವಳಿಗೆ ಬ್ಯಾಟ್ರಿ ಅಂತಾನೇ ಹೆಸರು.

"ಇನ್ನೂರ ಮೂವತ್ತು ವೋಲ್ಟ್ ಜೊತೆ ಸಂಸಾರ ಮಾಡ್ದೋನು ಕಣೇ ನಾನು! ಇದು ಬರೀ ಹನ್ನೆರಡು ವೋಲ್ಟು. ಮುಟ್ಟಿದ್ರೆ ಇರುವೆ ಕಚ್ಚಿದಷ್ಟೂ ಆಗಲ್ಲ. ಇದಕ್ಕೆ ಹೋಗಿ ಬ್ಯಾಟ್ರೀನ ಕೇಳಬೇಕಾ?"

ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳಿದ್ದಾರಾ? ನಾನು ಬಾಯಿ ಮುಚ್ಕೊಂಡೆ. ಮುಚ್ಕೊಂಡಿದ್ದು ನನ್ನ ತಪ್ಪು.

ಮಾರನೇ ದಿನ ಆಸ್ಪತ್ರೆಯಿಂದ ವಾಪಸ್ ಬರ್ತಿದ್ವಿ. ಚಾರ್ಜರ್ ಸ್ವಲ್ಪ ಹೊತ್ತು ಕೆಲಸ ಮಾಡ್ತು, ಆಮೇಲೆ ನಿಂತುಹೋಯ್ತು. ಹಿಂದಿನಿಂದ ಅತ್ತೆ, "ಏನೋ ಸುಟ್ಟ ವಾಸನೆ ಕಣೋ" ಅಂದ್ರು.

"ಮುಂದೆ ಲಾರಿ ಹೋಗ್ತಿದೆಯಲ್ಲಮ್ಮ, ಅದರದ್ದು" ಅಂದ್ರು ಇವರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ಆಮೇಲೆ ಲಾರಿ ಬಲಕ್ಕೆ ತಿರುಗಿ ಹೋಯ್ತು. ವಾಸನೆ ನಮ್ಮ ಜೊತೆನೇ ಬಂತು.

ಮನೆ ಮುಂದೆ ನಮ್ಮ ಬ್ಯಾಟ್ರಿ ನಿಂತಿದ್ಳು, ಗ್ಯಾರೇಜಿನ ಕೋಟಿನ ಜೇಬು ಹರಿದಿದೆ ಅಂತ ಹೊಲಿಸೋಕೆ ತಂದಿದ್ಳು. ಕಾರಿನ ಬಾಗಿಲು ತೆಗೆದಿದ್ದೇ ತಡ, ಮೂಗರಳಿಸಿದಳು.

"ಭಾವ, ಮೊದಲು ಕೀ ತೆಗೀರಿ. ಅಕ್ಕ, ಅತ್ತೇನ ಇಳಿಸು. ಬೇಗ!"

ಬೇಗ ಅಂದ್ರೆ ಆಗುತ್ತಾ? ಬೆಲ್ಟ್ ಬಿಚ್ಚಬೇಕು, ದಿಂಬು ತೆಗೀಬೇಕು, ಒಂದೊಂದೇ ಕಾಲು ಎತ್ತಿ ಹೊರಗಿಡಬೇಕು, ವಾಕರ್ ತಂದು ಹಿಡಿಸಬೇಕು. "ತಡಿಯೇ, ತಡಿಯೇ, ನೋಯುತ್ತೆ" ಅಂತಿದ್ರು ಅತ್ತೆ. ತಂಗಿ ಒಂದು ಕೈಯಲ್ಲಿ ಅವರ ಬೆನ್ನು ಹಿಡ್ಕೊಂಡು ಇನ್ನೊಂದು ಕೈಯ ಗಡಿಯಾರ ನೋಡ್ತಾನೇ ಇದ್ಳು.

ಅತ್ತೆ ದೂರ ಹೋಗಿ ಕೂತ ಮೇಲೆ ಹೊಗೆ ಏನೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ತಂಗಿ ಕಾರಿನ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದಳು. ಆಮೇಲೆ ಫ್ಯೂಸಿನ ಡಬ್ಬಿ ತೆರೆದು ಟಾರ್ಚ್ ಬಿಟ್ಟಳು. ನೀಲಿ ಪ್ಲಾಸ್ಟಿಕ್ ಕರಗಿ ಪಕ್ಕಕ್ಕೆ ವಾಲಿತ್ತು. ಸುತ್ತಿದ್ದ ತಾಮ್ರದ ತಂತಿ ಮಾತ್ರ ಹಾಗೇ ಇತ್ತು.

"ಇದನ್ನ ಯಾರು ಕಟ್ಟಿದ್ದು?"

"ನಾನೇ. ಏನೀಗ? ಶಾಕ್ ಹೊಡೀತಾ?" ಅಂದ್ರು ಇವರು.

"ಶಾಕ್ ಹೊಡೆಯಲ್ಲ ಭಾವ, ನಿಜ. ಆದ್ರೆ ಬೆಂಕಿ ಹತ್ತೋಕೆ ಶಾಕ್ ಬೇಡ, ತಂತಿ ಕಾದ್ರೆ ಸಾಕು. ಒಂದು ಹೇಳಿ, ಮನೆ ಫ್ಯೂಸಿಗೆ ನೀವು ಕೈಗೆ ಸಿಕ್ಕ ತಾಮ್ರದ ತಂತಿ ಕಟ್ತಿದ್ರಾ?"

"ಛೆ ಛೆ! ಯಾರಾದ್ರೂ ಕಟ್ತಾರಾ? ಫ್ಯೂಸ್ ವೈರೇ ಕಟ್ಟಬೇಕು, ಅದೂ ಅಳತೆ ನೋಡಿ. ಇಲ್ಲಾಂದ್ರೆ ಅದು ಹೋಗೋದೇ ಇಲ್ಲ, ಗೋಡೆಯೊಳಗಿನ ವೈರೇ ಸುಟ್ಟು..."

ಮೂವತ್ತು ವರ್ಷ ಊರಿಗೆಲ್ಲ ಹೇಳಿದ ಬುದ್ಧಿ ಅವರ ಬಾಯಿಂದಾನೇ ಬಂದಿತ್ತು. ಮುಖ ಸಪ್ಪಗಾಯ್ತು. ಆದ್ರೂ ಸೋಲೊಪ್ಪಬೇಕಲ್ಲ!

"ಸರಿ, ಒಂದು ದೊಡ್ಡ ಫ್ಯೂಸ್ ಹಾಕು ಹಾಗಾದ್ರೆ. ಮೂವತ್ತು ಆಂಪಿಯರಿಂದು. ಗಟ್ಟಿಯಾಗಿರುತ್ತೆ, ಪದೇಪದೇ ಹೋಗಲ್ಲ."

"ಮೂಗಿಗಿಂತ ಮೂಗುತಿ ಭಾರ ಆಗಬಾರದು ಭಾವ. ಈ ವೈರಿನ ತಾಕತ್ತು ನೋಡಿ ಹದಿನೈದು ಅಂತ ಬರೆದಿದ್ದಾರೆ. ಮೂವತ್ತು ಹಾಕಿದ್ರೆ ಫ್ಯೂಸ್ ಉಳಿಯುತ್ತೆ, ವೈರ್ ಸುಟ್ಟುಹೋಗುತ್ತೆ. ಫ್ಯೂಸ್ ಇರೋದೇ ಸಾಯೋಕೆ, ನಮ್ಮನ್ನ ಉಳಿಸೋಕೆ. ಇನ್ನೊಂದು ಮಾತು. ಅತ್ತೆ ಇಳಿಯೋಕೆ ಎಷ್ಟು ಹೊತ್ತಾಯ್ತು ಗೊತ್ತಾ? ಮೂರೂವರೆ ನಿಮಿಷ. ಇಬ್ಬರು ಹಿಡ್ಕೊಂಡು. ಬೆಂಕಿ ಹತ್ತಿದ್ರೆ ಅಷ್ಟು ಹೊತ್ತು ಕಾಯುತ್ತಾ?"

ಇವರು ತಮ್ಮ ತಾಯಿಯ ಕಡೆ ನೋಡಿದ್ರು. ಅತ್ತೆ ವಾಕರ್ ಹಿಡ್ಕೊಂಡು ನೀರು ಕುಡೀತಿದ್ರು. ಇವರ ಕಣ್ಣಲ್ಲಿ ನೀರು ಬಂತು. ಮದುವೆಯಾಗಿ ಇಷ್ಟು ವರ್ಷಕ್ಕೆ ನಾನದನ್ನ ನೋಡಿದ್ದು ಅದೇ ಮೊದಲು.

"ಹೇಳಿಕೊಡಮ್ಮ. ನಾನೇ ಮಾಡ್ತೀನಿ" ಅಂದ್ರು.

ತಂಗಿ ಮುಚ್ಚಳದ ಒಳಗಿನ ಚಿತ್ರ ತೋರಿಸಿದಳು, ಯಾವ ಫ್ಯೂಸು ಯಾವುದಕ್ಕೆ ಅಂತ ಅದರಲ್ಲಿದೆ. ಡಬ್ಬಿಯಲ್ಲೇ ಪುಟ್ಟ ಪ್ಲಾಸ್ಟಿಕ್ ಚಿಮುಟ ಇತ್ತು. "ಇದರಿಂದಾನೇ ನೇರ ಎಳೀರಿ. ಕಬ್ಬಿಣದ ಇಕ್ಕಳ ಬೇಡ" ಅಂದಳು. ಇವರು ಕರಗಿದ್ದನ್ನ ಎಳೆದು ತೆಗೆದ್ರು. ಹೊಸದು ಕೊಡು ಅಂತ ಕೈ ಚಾಚಿದ್ರೆ ತಂಗಿ ತಡೆದಳು. "ನಿಲ್ಲಿ. ಯಾಕೆ ಹೋಯ್ತು ಅಂತ ಮೊದಲು ನೋಡಬೇಡ್ವಾ?"

ಚಾರ್ಜರ್ ಚುಚ್ಚೋ ತೂತಿಗೆ ಟಾರ್ಚ್ ಬಿಟ್ಟು, ಚಿಮುಟ ಇಳಿಸಿ ಏನನ್ನೋ ಹೊರಗೆ ಎಳೆದಳು. ಸೇಫ್ಟಿ ಪಿನ್ನು!

"ಅಕ್ಕ, ಇದು ಯಾರದ್ದು?"

ಇನ್ನೇನು ಹೇಳ್ಲಿ? ದಾರಿಯುದ್ದಕ್ಕೂ ಮನಸ್ಸಲ್ಲೇ ಗಂಡನಿಗೆ ಬೈದೋಳು ನಾನೇ, ಪಿನ್ನು ಬೀಳಿಸಿದೋಳೂ ನಾನೇ. ಇವರು ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ಬೈದಿದ್ರೇ ವಾಸಿಯಿತ್ತು.

ಗಾಡಿ ಅಲ್ಲಾಡಿದಾಗ ಆ ಪಿನ್ನು ತಾಗಿ ಶಾರ್ಟ್ ಆಗಿ ಫ್ಯೂಸು ತನ್ನ ಕೆಲಸ ಮಾಡಿತ್ತು. ನಾವು ಅದರ ಬಾಯಿ ಕಟ್ಟಿದ್ವಿ. ಕಾರನ್ನ ಗ್ಯಾರೇಜಿಗೆ ಸಾಗಿಸಿ, ಸುಟ್ಟ ವೈರು, ಕರಗಿದ ಡಬ್ಬಿ ಎರಡನ್ನೂ ಬದಲಾಯಿಸಿ, ಎಲ್ಲ ಸರಿಯಿದೆ ಅಂತ ತಂಗಿ ಹೇಳಿದ ಮೇಲೇನೇ ಇವರು ಹೊಸ ಫ್ಯೂಸ್ ಹಾಕಿದ್ದು. ಅದೇ ನೀಲಿ, ಅದೇ ಹದಿನೈದು. ಅಲ್ಲಿವರೆಗೂ ಅತ್ತೆ ಆಟೋದಲ್ಲಿ ಹೋಗಿಬಂದ್ರು.

ಈಗ ಯಾರಾದ್ರೂ ಬಂದು "ಕರೆಂಟಣ್ಣ, ಕಾರಿನ ಫ್ಯೂಸ್ ಕಟ್ಟಿಕೊಡಿ" ಅಂದ್ರೆ ಸಾಕು, ಇವರಿಗೆ ಎಲ್ಲಿಲ್ಲದ ಸಿಟ್ಟು. "ಕಾರಿನ ಫ್ಯೂಸು ಕಟ್ಟೋದಲ್ಲಯ್ಯ, ಬದಲಾಯಿಸೋದು!" ಅಂತ ಶುರು ಮಾಡಿದ್ರೆ ಕಾಫಿ ಆರಿದ್ರೂ ಬಿಡಲ್ಲ.

ಕಾರಿಟ್ಟಿರೋ ಅಣ್ಣಂದಿರೇ, ಅಕ್ಕಂದಿರೇ, ನೀವೂ ಕೇಳಿಸ್ಕೊಳ್ಳಿ. ಫ್ಯೂಸ್ ಮುಟ್ಟೋ ಮೊದಲು ಗಾಡಿ ನಿಲ್ಲಿಸಿ, ಕೀ ತೆಗೀರಿ. ಹೋದ ಫ್ಯೂಸಿನ ಮೇಲಿರೋ ನಂಬರೇ ಹೊಸದರ ಮೇಲೂ ಇರಬೇಕು. ತಂತಿ, ಬೆಳ್ಳಿ ಕಾಗದ, ದೊಡ್ಡ ನಂಬರು, ಯಾವುದೂ ಬೇಡ. ಹಾಕಿದ್ದು ಮತ್ತೆ ಹೋಯ್ತಾ? ಮೂರನೆಯದು ಹಾಕಬೇಡಿ, ಗ್ಯಾರೇಜಿಗೆ ತೋರಿಸಿ. ಬ್ಯಾಟರಿ ಹತ್ತಿರದ ದಪ್ಪ ಫ್ಯೂಸುಗಳನ್ನಂತೂ ಬಲ್ಲವರಿಗೇ ಬಿಡಿ. ಡಬ್ಬಿಗೆ ನೀರು ಹೋಗದ ಹಾಗೆ ಮುಚ್ಚಳ ಭದ್ರವಾಗಿರಲಿ, ಕಾರಲ್ಲಿ ನಾಲ್ಕು ಸರಿಯಾದ ಫ್ಯೂಸು ಇಟ್ಟಿರಿ. ಓಡಿಸುವಾಗ ಸುಟ್ಟ ವಾಸನೆ ಬಂದ್ರೆ ಲಾರಿ ಮೇಲೆ ಹಾಕಬೇಡಿ. ಪಕ್ಕಕ್ಕೆ ನಿಲ್ಲಿಸಿ, ಎಲ್ಲರೂ ಇಳಿದು ದೂರ ಹೋಗಿ.

ನಿಮ್ಮ ಕಾರಲ್ಲೂ ಬೇಗ ಇಳಿಯೋಕಾಗದವರು ಯಾರೋ ಕೂರ್ತಾರೆ. ವಯಸ್ಸಾದ ತಾಯಿ, ಬಸುರಿ ಮಗಳು, ಬೆಲ್ಟ್ ಬಿಚ್ಚೋಕೆ ಬಾರದ ಮೊಮ್ಮಗು. ಅವರನ್ನ ಮತ್ತೆ ಕೂರಿಸೋ ಮೊದಲು ಆ ಫ್ಯೂಸಿನ ಡಬ್ಬಿ ಮುಚ್ಚಳ ಒಂದ್ಸಲ ತೆಗೆದು, ಯಾರಾದ್ರೂ ತಂತಿ ಕಟ್ಟಿದ್ದಾರಾ ಅಂತ ನೋಡಿ.